ದೇವರಿಗೆ ದೇಹವೇಕೆ?

ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಕ್ರಿಸ್ಮಸ್ ಸಡಗರ. ಊರಿನವರ ಬಾಯಲ್ಲಿ ಅದು ಸೇಕ್ರೆಡ್ ಹಾರ್ಟ್ ಚರ್ಚು. ಹುಲ್ಲು ಹಾಸಿದ ಗೋದಲಿ, ದನಕರು, ಕುರುಬರ ಬೊಂಬೆಗಳು, ನಡುವೆ ಒಂದು ಹಸುಗೂಸು. ನೋಡಲು ಬರುವವರಲ್ಲಿ ಅನ್ಯಧರ್ಮೀಯರೂ ಇರುತ್ತಾರೆ. ದಶಾವತಾರದ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣದು: ದೇವರು ಭೂಮಿಗೆ ಅವತರಿಸಿದ, ಅಷ್ಟೆ. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಸತ್ಯವೇದವೂ 'ನರಾವತಾರ' ಎಂಬ ಪದವನ್ನೇ ಬಳಸಿದೆ. ಆದರೆ ಪದ ಒಂದೇ ಆದರೂ ಅರ್ಥ ಒಂದೇ ಅಲ್ಲ.

'ಅವತಾರ' ಎಂದರೆ ಕೆಳಗಿಳಿದು ಬರುವುದು. ಇಂಗ್ಲಿಷಿನ 'ಇನ್‌ಕಾರ್ನೇಶನ್' ಪದದ ಒಡಲಲ್ಲಿರುವುದು ಮಾಂಸ ಎಂಬರ್ಥದ ಲ್ಯಾಟಿನ್ ಶಬ್ದ. ಯೊವಾನ್ನನ ಶುಭಸಂದೇಶದ ಗ್ರೀಕ್ ಮೂಲದಲ್ಲೂ ಮಾಂಸವನ್ನು ಸೂಚಿಸುವ 'ಸಾರ್ಕ್ಸ್' ಎಂಬ ಪದವೇ ಇದೆ. ಒಂದರ ಒತ್ತು ದೇವರು ಇಳಿದು ಬಂದದ್ದರ ಮೇಲೆ. ಇನ್ನೊಂದರ ಒತ್ತು ಆತ ರಕ್ತಮಾಂಸದ ಮನುಷ್ಯನೇ ಆದದ್ದರ ಮೇಲೆ.

ವೈಷ್ಣವ ನಂಬಿಕೆಯಂತೆ ಧರ್ಮಕ್ಕೆ ಕುಂದು ಬಂದಾಗಲೆಲ್ಲ ವಿಷ್ಣು ಬೇರೆ ಬೇರೆ ರೂಪದಲ್ಲಿ ಬರುತ್ತಾನೆ. ಬಂದ ಕಾರ್ಯ ಮುಗಿದ ಮೇಲೆ ನಿಜಧಾಮಕ್ಕೆ ಮರಳುತ್ತಾನೆ. ರಾಮ, ಕೃಷ್ಣರೂ ತಾಯ ಗರ್ಭದಿಂದಲೇ ಹುಟ್ಟಿದವರು. ಕ್ರೈಸ್ತ ನಂಬಿಕೆಯಲ್ಲಿ ದೇವರು ಮನುಷ್ಯನಾದದ್ದು ಒಮ್ಮೆ ಮಾತ್ರ. ಹಾಗೆ ತಳೆದ ದೇಹವನ್ನು ಆತ ಮತ್ತೆ ಕಳಚಿಡಲಿಲ್ಲ. ಸತ್ತು ಪುನರುತ್ಥಾನನಾದ ಯೇಸುವಿನ ಮೈಮೇಲೆ ಮೊಳೆಯ ಗಾಯಗಳು ಹಾಗೆಯೇ ಇದ್ದವು ಎನ್ನುತ್ತದೆ ಶುಭಸಂದೇಶ.

ಈ ವಿಚಾರ ಸುಲಭವಾಗಿ ನೆಲೆಗೊಂಡದ್ದಲ್ಲ. ಸರ್ವಶಕ್ತನಿಗೆ ಹಸಿವು, ನೋವು, ಸಾವು ಹೇಗೆ ಸಾಧ್ಯ ಎಂದು ಆರಂಭದ ಶತಮಾನಗಳಲ್ಲೇ ಕೆಲವರು ಕೇಳಿದರು. ಜನರ ಕಣ್ಣಿಗೆ ಬಿದ್ದದ್ದು ದೇಹದ ತೋರಿಕೆ ಮಾತ್ರ ಎಂಬುದು ಅವರ ವಾದ. ಅಲೆಕ್ಸಾಂಡ್ರಿಯಾದ ಏರಿಯಸ್ ಇನ್ನೊಂದು ತುದಿಗೆ ಹೋಗಿ, ಕ್ರಿಸ್ತ ಶ್ರೇಷ್ಠನಾದರೂ ದೇವರಿಂದ ಸೃಷ್ಟಿಯಾದವನೇ ಎಂದ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರು ಏರಿಯಸನ ವಾದವನ್ನು ತಳ್ಳಿಹಾಕಿದರು. 451ರ ಕಾಲ್ಸಿಡನ್ ಮಹಾಸಭೆ ಕ್ರಿಸ್ತ ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ ಎಂದು ಸಾರಿತು. ಎರಡು ಸ್ವಭಾವಗಳು, ವ್ಯಕ್ತಿ ಒಬ್ಬನೇ. ಈ ಸೂತ್ರದ ಮಾತುಗಳನ್ನು ಒಪ್ಪದ ಪೌರಸ್ತ್ಯ ಸಭೆಗಳೂ ಉಂಟು. ಆದರೆ ಕ್ರಿಸ್ತನ ಮನುಷ್ಯತ್ವ ನಿಜವೆಂಬುದರಲ್ಲಿ ಅವಕ್ಕೂ ಸಂಶಯವಿಲ್ಲ.

ಪಂಡಿತರ ಕೂದಲು ಸೀಳುವ ಚರ್ಚೆಯಂತೆ ಕಂಡರೂ ಇದರ ಹಿಂದೆ ಗಂಭೀರವಾದ ಪ್ರಶ್ನೆಯೊಂದಿತ್ತು. ದೇಹ ತೋರಿಕೆಯದಾದರೆ ಶಿಲುಬೆಯ ಮೇಲಿನ ಸಾವೂ ನಾಟಕವೇ ಆಗುತ್ತದೆ. ಆಗ ನೋವುಣ್ಣುವ ಮನುಷ್ಯನಿಗೆ 'ದೇವರೂ ಇದನ್ನು ಉಂಡಿದ್ದಾನೆ' ಎಂದು ಹೇಳುವಂತಿಲ್ಲ. ಶಿವಮೊಗ್ಗದ ಪ್ರಧಾನಾಲಯದ ಹೆಸರೇ ಇದಕ್ಕೆ ಉತ್ತರದಂತಿದೆ. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ಈ ಮುಖ್ಯ ದೇವಾಲಯ ಯೇಸುವಿನ ಹೃದಯಕ್ಕೆ ಅರ್ಪಿತವಾದದ್ದು. 17ನೇ ಶತಮಾನದಲ್ಲಿ ಫ್ರಾನ್ಸಿನ ಸನ್ಯಾಸಿನಿ ಮಾರ್ಗರೆಟ್ ಮೇರಿ ಕಂಡ ದರ್ಶನಗಳಿಂದ ಈ ಭಕ್ತಿ ಎಲ್ಲೆಡೆ ಹರಡಿತು. ಅದರ ಚಿತ್ರಗಳಲ್ಲಿ ಹೃದಯಕ್ಕೆ ಮುಳ್ಳು ಸುತ್ತಿರುತ್ತದೆ, ಈಟಿಯ ಗಾಯವಿರುತ್ತದೆ. ದೇಹವೇ ಇಲ್ಲದಿದ್ದರೆ ಹೃದಯವೆಲ್ಲಿ, ಗಾಯವೆಲ್ಲಿ?

ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಗೆ ಹೋದರೆ ಇದೇ ನಂಬಿಕೆಗೆ ಇನ್ನೊಂದು ಮುಖ ಕಾಣಸಿಗುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಈ ಊರನ್ನು ಕಟ್ಟಿದವು. ಕನ್ನಡಿಗರೊಂದಿಗೆ ತಮಿಳರು, ತೆಲುಗರು, ಮಲಯಾಳಿಗಳು ಇಲ್ಲಿ ನೆಲೆಸಿದರು. 2007ರಲ್ಲಿ ಸಿರೋ ಮಲಬಾರ್ ಸಭೆಯ ಭದ್ರಾವತಿ ಧರ್ಮಕ್ಷೇತ್ರ ರಚನೆಯಾಯಿತು. ಈ ಸಭೆಯ ಪೂಜಾವರ್ಷ ಮೊದಲಾಗುವುದೇ ಮಂಗಳವಾರ್ತೆಯ ಕಾಲದಿಂದ, ಅಂದರೆ ದೇವದೂತ ಗಬ್ರಿಯೇಲ್ ಮರಿಯಳಿಗೆ ಗರ್ಭದ ಸುದ್ದಿ ತಿಳಿಸಿದ ನೆನಪಿನಿಂದ. ಕ್ರಿಸ್ಮಸ್‌ಗೆ ಮುನ್ನ 25 ದಿನಗಳ ವ್ರತ ಹಿಡಿಯುವ ಸಂಪ್ರದಾಯವೂ ಇದೆ.

ಕಾರ್ಖಾನೆಯ ಊರಿನಲ್ಲಿ ಯೇಸುವಿನ ಕಸುಬಿಗೆ ವಿಶೇಷ ಅರ್ಥವಿದೆ. ಶುಭಸಂದೇಶ ಆತನನ್ನು ಬಡಗಿ ಎಂದು ಕರೆಯುತ್ತದೆ. ಉಪದೇಶಕ್ಕೆ ಹೊರಟಾಗ ವಯಸ್ಸು ಸುಮಾರು 30 ಎನ್ನುತ್ತಾನೆ ಲೂಕ. ಎಂದರೆ ಬದುಕಿನ ಬಹುಭಾಗ ಪವಾಡಗಳಿಲ್ಲದೆ, ಸಣ್ಣ ಊರಿನಲ್ಲಿ, ದುಡಿಮೆಯಲ್ಲೇ ಕಳೆಯಿತು. ಯೇಸುವಿನ ಸಾಕುತಂದೆ ಜೋಸೆಫರನ್ನು ಕಾರ್ಮಿಕರಾಗಿ ಸ್ಮರಿಸುವ ಹಬ್ಬವನ್ನು 1955ರಲ್ಲಿ ಪೋಪ್ 12ನೇ ಪಯಸ್ ಮೇ 1ಕ್ಕೆ ಗೊತ್ತುಮಾಡಿದರು.

ಭದ್ರಾವತಿಯ ದುಡಿಯುವ ಕೈಗಳು ಕಷ್ಟವನ್ನೂ ಕಂಡಿವೆ. 2015ರ ಹೊತ್ತಿಗೆ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಯಾವ ಧರ್ಮತತ್ವವೂ ಕಳೆದುಹೋದ ಕೆಲಸವನ್ನು ಮರಳಿ ಕೊಡಲಾರದು. ಆದರೆ ಬೆವರು, ಬಡತನ, ನಾಳಿನ ಚಿಂತೆ ಇವು ದೇವರಿಗೆ ಅಪರಿಚಿತವಲ್ಲ ಎಂದು ನಂಬುವವನು ತನ್ನ ಕಷ್ಟವನ್ನು ದೇವರ ಶಾಪವೆಂದು ಭಾವಿಸಬೇಕಾಗಿಲ್ಲ.

ರೋಮನ್ ಪದ್ಧತಿಯ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣ ಹೇಳುವಾಗ, ದೇವರು ಮನುಷ್ಯನಾದ ಎಂಬ ಮಾತು ಬಂದಾಗ ಭಕ್ತರು ತಲೆಬಾಗುತ್ತಾರೆ. ವರ್ಷಕ್ಕೆರಡು ಹಬ್ಬಗಳಲ್ಲಿ ಮಾತ್ರ ಅದೇ ಮಾತಿಗೆ ಮಂಡಿಯೂರುತ್ತಾರೆ. ಒಂದು ಡಿಸೆಂಬರ್ 25ರ ಕ್ರಿಸ್ಮಸ್. ಇನ್ನೊಂದು ಅದಕ್ಕೆ ಸರಿಯಾಗಿ ಒಂಬತ್ತು ತಿಂಗಳ ಹಿಂದಿನ ಮಾರ್ಚ್ 25, ಮಂಗಳವಾರ್ತೆಯ ಹಬ್ಬ. ಆ ದಿನ ಗೋದಲಿ ಇರುವುದಿಲ್ಲ, ನಕ್ಷತ್ರದೀಪವೂ ಇರುವುದಿಲ್ಲ. ಕ್ರೈಸ್ತರ ಲೆಕ್ಕದಲ್ಲಿ ದೇವರು ಮನುಷ್ಯನಾಗತೊಡಗಿದ್ದು ಅಂದೇ, ಎಲ್ಲ ಮಕ್ಕಳಂತೆ, ತಾಯಿಯ ಒಡಲಿನಲ್ಲಿ.