ಏಕಕಾಲದ ಬಹುಕಾರ್ಯ: ಯಂತ್ರ, ಅವಧಾನಿ, ದ್ವಿಭಾಷಿ

ಏಕಕಾಲದಲ್ಲಿ ಅನೇಕ ಕಾರ್ಯಗಳನ್ನು ನಡೆಸುವುದೆಂಬ ಮಾತು ಇಂದು ಗಣಕಯಂತ್ರಕ್ಕೂ ಮನುಷ್ಯನಿಗೂ ಸಮಾನವಾಗಿ ಸಲ್ಲುತ್ತಿದೆ. ಎರಡೆಡೆಯಲ್ಲಿಯೂ ಅದರ ಅರ್ಥ ಒಂದೆಯೆ ಎಂಬುದನ್ನು ವಿಚಾರಿಸಬೇಕಾಗಿದೆ.

ಯಂತ್ರದ ವಿಷಯ ಸರಳವಾದದ್ದು. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ತೋರಿಸಿದ ಕಾಲಹಂಚಿಕೆಯ ವ್ಯವಸ್ಥೆಯಲ್ಲಿ ಸಂಸ್ಕಾರಕವು ಒಂದೇ ಆಗಿದ್ದಿತು. ಅದು ಒಬ್ಬರ ಕೆಲಸವನ್ನು ಕ್ಷಣಕಾಲ ನಡೆಸಿ, ನಿಂತ ಸ್ಥಳವನ್ನು ಗುರುತಿಟ್ಟುಕೊಂಡು, ಇನ್ನೊಬ್ಬರ ಕೆಲಸಕ್ಕೆ ಕೈಹಾಕುತ್ತಿದ್ದಿತು. ಬಳಸುವವರಿಗೆ ಮಾತ್ರ ಎಲ್ಲವೂ ಒಟ್ಟಿಗೆ ನಡೆದಂತೆ ತೋರುತ್ತಿದ್ದಿತು. (ಈಗಿನ ಯಂತ್ರಗಳಲ್ಲಿ ಹಲವು ಸಂಸ್ಕಾರಕಗಳಿರುವುದರಿಂದ ನಿಜವಾದ ಏಕಕಾಲಿಕತೆಯೂ ಕೆಲಮಟ್ಟಿಗೆ ಉಂಟು.)

ನಮ್ಮಲ್ಲಿ ಇದಕ್ಕೆ ಸಮೀಪವಾದ ನಿದರ್ಶನವೆಂದರೆ ಅಷ್ಟಾವಧಾನ. ಒಬ್ಬ ಪೃಚ್ಛಕರು ಸಮಸ್ಯೆಯನ್ನೊಡ್ಡುತ್ತಾರೆ, ಇನ್ನೊಬ್ಬರು ದತ್ತಪದಿಯನ್ನು ಕೊಡುತ್ತಾರೆ. ನಿಷೇಧಾಕ್ಷರಿಯವರು ಅಕ್ಷರಕ್ಕೊಂದು ತಡೆಯನ್ನು ಹಾಕುತ್ತಾರೆ. ಅಪ್ರಸ್ತುತ ಪ್ರಸಂಗದವರಂತೂ ಚಿತ್ತವನ್ನು ಕದಡುವುದಕ್ಕೆಂದೇ ಕುಳಿತವರು. ಆದರೆ ಅವಧಾನಿಯು ಎಂಟನ್ನೂ ಒಮ್ಮೆಗೇ ಯೋಚಿಸುವನೆಂದು ತಿಳಿಯಲಾಗದು. ಸುತ್ತಿಗೊಂದು ಪಾದದಂತೆ ಪದ್ಯಗಳನ್ನು ಬೆಳೆಸಿ, ಕಾಗದದ ನೆರವಿಲ್ಲದೆ ಕಡೆಗೆ ಎಲ್ಲವನ್ನೂ ಧಾರಣೆಯಿಂದ ಒಪ್ಪಿಸುತ್ತಾನೆ. ಶತಾವಧಾನಿ ಆರ್. ಗಣೇಶರ ಸಭೆಗಳಲ್ಲಿ ಕನ್ನಡಿಗರು ಇದನ್ನು ಕಂಡಿದ್ದಾರೆ. ಇದೂ ಕಾಲಹಂಚಿಕೆಯೇ, ಅವಧಾನವೆಂಬ ಶಬ್ದಕ್ಕೆ ಏಕಾಗ್ರತೆಯೆಂದೇ ಅರ್ಥವಷ್ಟೆ.

ಸಾಮಾನ್ಯರಿಗೆ ಈ ಧಾರಣೆ ದುರ್ಲಭ. ಸಂಕಲನ ವ್ಯವಕಲನಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತ ಮಾಡಿದರೆ, ಒಂದನ್ನೇ ಮಾಡುವುದಕ್ಕಿಂತ ಹೆಚ್ಚು ಕಾಲ ಹಿಡಿಯುವುದೆಂದು ಜರ್ಸಿಲ್ಡ್ 1927ರಲ್ಲಿಯೇ ತೋರಿಸಿದ್ದರು.

ಪಾವಗಡ ತಾಲ್ಲೂಕಿನಲ್ಲಿ, ಉತ್ತರಪಿನಾಕಿನಿಯ ದಡದಲ್ಲಿರುವ ನಾಗಲಮಡಿಕೆಯನ್ನು ಇಲ್ಲಿ ನೆನೆಯುವುದು ಉಚಿತ. ಆಂಧ್ರಕ್ಕೆ ತಗುಲಿಕೊಂಡ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಅನೇಕ ಮಕ್ಕಳ ನಿತ್ಯಾನುಭವ. ಕಾಲೇಜಿಗೆ ಬಂದಾಗ ಇಂಗ್ಲಿಷೂ ಸೇರುತ್ತದೆ. ದ್ವಿಭಾಷಿಗಳಿಂದ ಅಂಕಿಗಳನ್ನು ಓದಿಸಿ ಮ್ಯೂಟರ್ ಮತ್ತು ಆಲ್‌ಪೋರ್ಟ್ ಅವರು 1999ರಲ್ಲಿ ಪ್ರಕಟಿಸಿದ ಪ್ರಯೋಗದ ಫಲ ವಿಚಿತ್ರವಾದದ್ದು: ಭಾಷೆ ಬದಲಾದಾಗಲೆಲ್ಲ ವಿಳಂಬವಾಗುತ್ತದೆ, ಅದರಲ್ಲಿಯೂ ಬಲವಾದ ಭಾಷೆಗೆ ಮರಳುವಾಗಲೇ ವಿಳಂಬ ಹೆಚ್ಚು. ದುರ್ಬಲ ಭಾಷೆಯನ್ನಾಡಲು ಬಲವಾದುದನ್ನು ಅದುಮಿಡಬೇಕಾಗುವುದೇ ಇದಕ್ಕೆ ಕಾರಣವೆಂದು ಅವರ ವಿವರಣೆ.

ಈ ವಿಳಂಬ ಸೆಕೆಂಡಿನ ಅಲ್ಪಾಂಶವೇ ಸರಿ. ಆದರೂ ಇಂಗ್ಲಿಷಿನಲ್ಲಿ ಪ್ರಶ್ನೆ, ಕನ್ನಡದಲ್ಲಿ ವಿವರಣೆ, ಮತ್ತೆ ಇಂಗ್ಲಿಷಿನಲ್ಲಿ ಪಾರಿಭಾಷಿಕ ಪದ, ಹೀಗೆ ನಡೆಯುವ ಮೌಖಿಕ ಪರೀಕ್ಷೆಯಲ್ಲಿ ಅದು ಕೂಡುತ್ತ ಹೋಗುವುದೆಂದು ನಮ್ಮ ಎಣಿಕೆ. ಅಲ್ಲಿ ತಡವರಿಸಿದ ಗಡಿನಾಡಿನ ವಿದ್ಯಾರ್ಥಿಗೆ ವಿಷಯ ತಿಳಿಯದೆಂದು ಅಂಕ ಕಳೆಯುವ ಮೊದಲು, ಅದೇ ಪ್ರಶ್ನೆಯನ್ನು ಆದ್ಯಂತ ಒಂದೇ ಭಾಷೆಯಲ್ಲಿ ಕೇಳಿ ನೋಡಬಹುದು.