ತನ್ನನ್ನೂ ನುಂಗುವ ನಗೆ

ಕನಕದಾಸರು ಹುಟ್ಟಿದ ಬಾಡ, ಶರೀಫ ಸಾಹೇಬರ ಶಿಶುನಾಳ ಎರಡೂ ಶಿಗ್ಗಾವಿ ತಾಲ್ಲೂಕಿನವು. ಅಲ್ಲಿಂದ ಹಾನಗಲ್ಲ ದಾಟಿ ಹಿರೇಕೆರೂರಿನ ಕಡೆ ಇಳಿದರೆ ಅಬಲೂರು. ಸರ್ವಜ್ಞನ ಊರು ಅದೇ ಎಂಬುದು ಜನರ ನಂಬಿಕೆ. ಇಂದಿನ ಹಾವೇರಿ ಜಿಲ್ಲೆಯ ಇಷ್ಟು ಸಣ್ಣ ಹರವಿನಲ್ಲಿ ಮೂರು ಬೇರೆ ಬೇರೆ ಕಾಲಕ್ಕೆ ಮೂವರು ಎದ್ದು ಬಂದರು. ಒಬ್ಬರನ್ನು ದಾಸರೆಂದೂ, ಒಬ್ಬರನ್ನು ಸಂತರೆಂದೂ, ಇನ್ನೊಬ್ಬನನ್ನು ನೀತಿಕವಿಯೆಂದೂ ಕರೆದು ನಾವು ಕೈಮುಗಿಯುತ್ತೇವೆ. ಈ ಮುಗಿದ ಕೈಗಳ ನಡುವೆ ಒಂದು ಸಂಗತಿ ಮರೆಯಾಗಿದೆ: ಮೂವರೂ ಗೇಲಿ ಮಾಡುವುದರಲ್ಲಿ ನಿಸ್ಸೀಮರು. ಅವರ ವಿಡಂಬನೆಯನ್ನು ಕಹಿ ಔಷಧಕ್ಕೆ ಬೆರೆಸಿದ ಬೆಲ್ಲವೆಂದು ತಿಳಿಯುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ನಗೆಯೇ ಅವರ ತರ್ಕ. ಅದನ್ನು ತೆಗೆದರೆ ಉಳಿಯುವುದು ಯಾರು ಬೇಕಾದರೂ ಹೇಳಬಹುದಾದ ಉಪದೇಶ.

ತತ್ವಜ್ಞಾನಿಗಳಿಗೆ ನಗೆಯ ಮೇಲೆ ಮೊದಲಿನಿಂದಲೂ ಗುಮಾನಿ. ಆದರ್ಶ ರಾಜ್ಯದ ಕಾವಲುಗಾರರು ನಗೆಗೆ ಸುಲಭವಾಗಿ ಸೋಲಬಾರದೆಂದು ಪ್ಲೇಟೊ ವಿಧಿಸಿದ. ಇನ್ನೊಬ್ಬರ ಕೊರತೆ ಕಂಡಾಗ ನಮ್ಮೊಳಗೆ ತಟ್ಟನೆ ಉಕ್ಕುವ ಹೆಮ್ಮೆಯೇ ನಗೆ ಎಂದು 17ನೆಯ ಶತಮಾನದ ಇಂಗ್ಲಿಷ್ ಚಿಂತಕ ಹಾಬ್ಸ್ ಹೇಳಿದ. ನಮ್ಮ ನಾಟ್ಯಶಾಸ್ತ್ರವೂ ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿ, ತುಟಿಯಂಚಿನ ಮುಗುಳ್ನಗೆಯನ್ನು ಉತ್ತಮ ಪಾತ್ರಗಳಿಗೆ ಕೊಟ್ಟು, ಹೊಟ್ಟೆ ಹಿಡಿದು ನಗುವುದನ್ನು ಅಧಮರ ಪಾಲಿಗೆ ಬಿಟ್ಟಿತು. ನಗೆಗೂ ಅಂತಸ್ತು! ಆದರೆ ರಂಗಭೂಮಿ ಈ ಶಿಸ್ತನ್ನು ಎಂದೂ ಪೂರ್ತಿ ಒಪ್ಪಿಲ್ಲ. ಪ್ರಾಚೀನ ಅಥೆನ್ಸಿನ ಉತ್ಸವದಲ್ಲಿ ಮೂರು ದುರಂತ ನಾಟಕ ಆಡಿಸಿದ ಕವಿಯೇ ಕೊನೆಗೆ ಸಟೈರರ ಆಟವನ್ನೂ ಕಟ್ಟಬೇಕಿತ್ತು. ಸಟೈರರೆಂದರೆ ಕುದುರೆಬಾಲದ, ಅರೆಮೃಗದ, ಕುಡುಕ ಜೀವಿಗಳು. ಮದ್ಯದ ದೇವರಾದ ಡಯೊನೈಸಸ್‌ನ ಹಿಂಬಾಲಕರು. ಆ ಬಗೆಯ ನಾಟಕಗಳಲ್ಲಿ ಇಡಿಯಾಗಿ ಉಳಿದು ಬಂದದ್ದು ಯೂರಿಪಿಡೀಸನ ‘ಸೈಕ್ಲೋಪ್ಸ್’ ಒಂದೇ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ, ಠೀವಿಯಿಂದ ರಂಗಕ್ಕೆ ಬಂದ ರಾಜನನ್ನೂ ನೀನು ಯಾರೆಂದು ವಿಚಾರಿಸಿಕೊಳ್ಳುವ ಸಾರಥಿ ಆ ಸಟೈರರಿಗೆ ದೂರದ ನೆಂಟನೇ. ಸ್ವಾರಸ್ಯವೆಂದರೆ, ನಗೆಗೆ ಹೆದರಿದ ಪ್ಲೇಟೊನ ‘ಸಿಂಪೋಸಿಯಂ’ನಲ್ಲೇ ಆಲ್ಸಿಬಿಯಾಡಿಸ್ ಎಂಬವನು ಗುರು ಸಾಕ್ರೆಟಿಸನನ್ನು ಸಟೈರನಿಗೆ ಹೋಲಿಸುತ್ತಾನೆ: ಹೊರಗೆ ಕುರೂಪ, ತೆರೆದು ನೋಡಿದರೆ ಒಳಗೆ ದೇವರ ಮೂರ್ತಿ.

ಹೊರಗೆ ಕಪ್ಪು, ಕಿರಿದು, ಒಳಗೆ ಸತ್ವ ಎಂಬ ಮಾತಿಗೆ ಕನಕದಾಸರ ‘ರಾಮಧಾನ್ಯಚರಿತೆ’ಗಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿಲ್ಲ. ಲಂಕೆಯಿಂದ ಮರಳುವ ರಾಮ ಗೌತಮರ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆ ಏಳುತ್ತದೆ. ಗೌತಮರು ನರೆದಲಗ ಎಂದರೆ ರಾಗಿಯನ್ನು ಹೊಗಳಿದ್ದೇ ತಡ, ಅಕ್ಕಿ ಸಿಡಿದೇಳುತ್ತದೆ. ಅಕ್ಕಿಯ ವಾದವೆಲ್ಲ ಕುಲದ್ದು, ಒಡನಾಟದ್ದು: ತಾನು ಶುಭಕಾರ್ಯಕ್ಕೆ ಬೇಕಾದವನು, ದೊಡ್ಡವರ ಮನೆಯವನು. ರಾಗಿ ಆ ಅಳತೆಗೋಲನ್ನು ತಿರಸ್ಕರಿಸುವುದಿಲ್ಲ. ಅದನ್ನೇ ಕೈಗೆ ತೆಗೆದುಕೊಂಡು ಉದ್ದಕ್ಕೂ ಅಳೆಯುತ್ತದೆ. ಹಣವಂತರ ಬೆನ್ನು ಹತ್ತಿ ಬಡವರತ್ತ ಕಣ್ಣೆತ್ತದವನು ನೀನು, ರೋಗಿಗೆ ಪಥ್ಯವಾಗುವವನು, ಹೆಣದ ಬಾಯಿಗೆ ಬೀಳುವವನೂ ನೀನೇ ಅಲ್ಲವೇ ಎಂದು ಕೇಳುತ್ತದೆ. ಎದುರಾಳಿಯ ಪ್ರಮಾಣವನ್ನು ಒಪ್ಪಿಕೊಂಡೇ ಅದನ್ನು ಅಸಂಬದ್ಧಕ್ಕೆ ತಳ್ಳುವ ಈ ಪಟ್ಟು ಸಾಕ್ರೆಟಿಸನಿಗೂ ಗೊತ್ತಿತ್ತು. ಇನ್ನೂ ದೊಡ್ಡ ಚೇಷ್ಟೆ ಮುಂದಿದೆ. ರಾಮ ಯಾವ ಶಾಸ್ತ್ರವನ್ನೂ ತಿರುವಿ ಹಾಕದೆ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಅಕ್ಕಿ ಕಂದಿ ಕುಂದುತ್ತದೆ, ರಾಗಿ ಇದ್ದ ಹಾಗೇ ಇರುತ್ತದೆ. ಕುಲದ ವ್ಯಾಜ್ಯ ತೀರುವುದು ವಾದದಿಂದಲ್ಲ, ಪ್ರಯೋಗದಿಂದ, ಅದೂ ಜೈಲಿನಲ್ಲಿ. (ಈ ಸೀಮೆಯವರಿಗೆ ಒಂದು ತಕರಾರು ಇರಬಹುದು. ಹಾನಗಲ್ಲ, ಹಿರೇಕೆರೂರಿನ ಕಡೆ ಭತ್ತದ ಗದ್ದೆಗಳುಂಟು. ಸವಣೂರು, ಶಿಗ್ಗಾವಿಯ ಬಯಲಿನಲ್ಲಿ ಜೋಳದ ರೊಟ್ಟಿಯೇ ಊಟ. ಕಾವ್ಯದ ಧಾನ್ಯಗಳ ಸಾಲಿನಲ್ಲಿ ಜೋಳಕ್ಕೂ ಜಾಗವಿದೆ, ಜಗಳದಲ್ಲಿ ಮಾತ್ರ ಇಲ್ಲ.)

ಆದರೂ ಹಾಬ್ಸ್‌ನ ಆಕ್ಷೇಪ ಇಲ್ಲಿಗೆ ತೀರಲಿಲ್ಲ. ರಾಗಿ ಗೆದ್ದಾಗ ನಾವು ನಗುವುದು ಸೋತ ಅಕ್ಕಿಯನ್ನು ನೋಡಿ ತಾನೆ? ಮೇಲಿದ್ದವನು ಕೆಳಗಾದ, ಕೆಳಗಿದ್ದವನು ಮೇಲಾದ. ಹೆಮ್ಮೆ ಕೈ ಬದಲಾಯಿಸಿತು, ಅಷ್ಟೆ. ಈ ಆಕ್ಷೇಪಕ್ಕೆ ಉತ್ತರ ಸಿಗುವುದು ಶರೀಫರಲ್ಲಿ (1819–1889). ಕೋಳಿ ಕೋಡಗವನ್ನು ನುಂಗುವ ಅವರ ಹಾಡು ಕೇಳದ ಕನ್ನಡಿಗರು ಕಡಿಮೆ. ಅಲ್ಲಿ ಆಡು ಆನೆಯನ್ನು ನುಂಗುತ್ತದೆ, ಗೋಡೆ ತನಗೆ ಬಳಿದ ಸುಣ್ಣವನ್ನು ನುಂಗುತ್ತದೆ, ಕುಣಿಯಲು ಬಂದವಳನ್ನು ಮದ್ದಲೆ ನುಂಗುತ್ತದೆ. ಕೊನೆಗೆ ಗುರು ಗೋವಿಂದಭಟ್ಟರ ಪಾದ ಹಾಡುವವನನ್ನೇ ನುಂಗಿಬಿಡುತ್ತದೆ. ದೂರ ನಿಂತು ತಾನು ಮೇಲೆಂದು ಬೀಗಲು ಅಲ್ಲಿ ಯಾರೂ ಉಳಿಯುವುದಿಲ್ಲ. ಹಾಬ್ಸ್‌ನ ಸೂತ್ರ ಇಲ್ಲಿ ಕೆಲಸ ಮಾಡುವುದಿಲ್ಲ. ಇದು ವಚನಕಾರ ಅಲ್ಲಮನ ಕಾಲದಿಂದ ಬಂದ ಬೆಡಗು ಎಂಬ ಒಗಟಿನ ನುಡಿ, ಅನುಭಾವ. ಇದರಲ್ಲಿ ಹಾಸ್ಯ ಹುಡುಕುವುದು ಅಪಚಾರ ಎಂದು ಕೆಲವರು ಮುನಿಸಿಕೊಳ್ಳುತ್ತಾರೆ. ಆದರೆ ಒಳಾರ್ಥ ತಿಳಿಯದ ಮಗು ಈ ಹಾಡಿಗೆ ನಗುವುದೇಕೆ? ದೊಡ್ಡದು ಸಣ್ಣದರ ಹೊಟ್ಟೆ ಸೇರಿತೆಂಬ ಕಾರಣಕ್ಕೆ. ಪಂಡಿತರು ಬಿಡಿಸಿ ಹೇಳುವ ಒಳಾರ್ಥವೂ ಕಡೆಗೆ ಅದೇ: ತಾನು ದೊಡ್ಡದೆಂದುಕೊಂಡ ಅಹಂಕಾರ ನುಂಗಿಹೋಗುತ್ತದೆ. ಮಗು ತಲುಪಿದ ಜಾಗಕ್ಕೇ ಪಂಡಿತರು ಸುತ್ತು ಬಳಸಿ ಬಂದಿರುತ್ತಾರೆ.

ವಿಡಂಬನೆಯಿಂದ ಏನು ಬದಲಾಯಿತು ಎಂಬ ಪ್ರಶ್ನೆಯೂ ಇದೆ. ಜಾತಿ ಹೋಗಲಿಲ್ಲ, ಗೇಲಿ ಮಾಡಿದವರೇ ಪ್ರತಿಮೆಗಳಾದರು. 2009ರಲ್ಲಿ ಬೆಂಗಳೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಾಗ, ಪ್ರತಿಯಾಗಿ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ ನಿಂತ. ಅಲೆಮಾರಿ ಕವಿಗೆ ಎರಡು ಸರ್ಕಾರಗಳ ಸಂಧಾನದ ಕೆಲಸ! ಮಾತು ನಿಜ, ಆದರೆ ಕಾನೂನು ಮಾಡಬೇಕಾದ ಕೆಲಸವನ್ನು ನಗೆಯಿಂದ ನಿರೀಕ್ಷಿಸುವುದೂ ಸರಿಯಲ್ಲ. ನಗೆ ಮಾಡುವುದು ಇಷ್ಟು: ಪ್ರಶ್ನೆ ಕೇಳಲು ಅಂಜುವ ವಿಷಯವನ್ನು ಪ್ರಶ್ನೆಯಾಗಿಸುತ್ತದೆ.

ಹೆಚ್ಚು ಕಠಿಣವಾದ ಆಕ್ಷೇಪ ಸರ್ವಜ್ಞನ ಬಗ್ಗೆಯೇ ಇದೆ. ಗರ್ವದಿಂದ ತಾನು ಸರ್ವಜ್ಞನಾದದ್ದಲ್ಲ, ಎಲ್ಲರಿಂದ ಒಂದೊಂದು ಮಾತು ಕಲಿತು ಆದದ್ದು ಎನ್ನುವಾಗ ಅವನು ತನ್ನ ಹೆಸರನ್ನೇ ಗೇಲಿಗೆ ಒಡ್ಡುತ್ತಾನೆ. ಕೀಳುಜಾತಿಯೆನಿಸಿಕೊಂಡವರ ಮನೆಗೆ ಹೋದ ಬೆಳಕೂ ಕೀಳೇ ಎಂದು ಕೇಳುವಾಗ ಉತ್ತರವಿಲ್ಲದೆ ನಾವು ತಲೆ ತಗ್ಗಿಸುತ್ತೇವೆ. ಅದೇ ಅಂಕಿತದ ಬೇರೆ ತ್ರಿಪದಿಗಳಲ್ಲಿ ಕಸುಬಿನ ಜಾತಿಗಳ ಹೀಯಾಳಿಕೆಯಿದೆ, ಹೆಂಗಸರ ನಿಂದೆಯಿದೆ. ಅಲ್ಲಿ ನಗುವವನು ಹೊರಗೆ, ಎತ್ತರದಲ್ಲಿ ನಿಂತಿದ್ದಾನೆ. ಹಾಬ್ಸ್ ಹೇಳಿದ್ದು ಅಲ್ಲಿ ಅಕ್ಷರಶಃ ನಿಜ. ಅವು ಯಾರೋ ಸೇರಿಸಿದವು ಎನ್ನುವುದು ಭಕ್ತರ ಸಮಜಾಯಿಷಿ. 1924ರಲ್ಲಿ ಪ್ರಕಟವಾದ ಉತ್ತಂಗಿ ಚನ್ನಪ್ಪನವರ ಸಂಪಾದನೆಗೆ ಮೊದಲು ಈ ಪದ್ಯಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹರಿದವು, ಪ್ರಕ್ಷೇಪ ಇರಲೇಬೇಕು. ಆದರೆ ಇಷ್ಟವಾದುದೆಲ್ಲ ಕವಿಯದು, ಇಷ್ಟವಾಗದ್ದು ಇನ್ನೊಬ್ಬರದು ಎಂದು ಪಾಲು ಮಾಡುವುದು ಸಂಶೋಧನೆಯಲ್ಲ. ಕರ್ತೃ ಯಾರೆಂಬ ಜಗಳ ಬಿಟ್ಟು ಒಂದೊಂದು ಪದ್ಯವನ್ನೂ ಅದರ ನಗೆಯಿಂದಲೇ ಅಳೆಯಬಹುದು: ಇದು ಪ್ರಶ್ನೆ ಕೇಳುತ್ತಿದೆಯೇ, ಹಣೆಪಟ್ಟಿ ಅಂಟಿಸುತ್ತಿದೆಯೇ? ಹಾಗಾಗಿ ನಿಂದೆಯ ತ್ರಿಪದಿಗಳನ್ನು ಸಂಪುಟಗಳಿಂದ ಮೆಲ್ಲನೆ ಕಿತ್ತುಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಾಲೇಜಿನ ತರಗತಿಯಲ್ಲಿ ಬೆಳಕಿನ ತ್ರಿಪದಿಯ ಪಕ್ಕದಲ್ಲೇ ಅವನ್ನೂ ಇಟ್ಟು, ಎರಡರಲ್ಲೂ ನಗುವವನು ಎಲ್ಲಿ ನಿಂತಿದ್ದಾನೆಂದು ವಿದ್ಯಾರ್ಥಿಗಳನ್ನು ಕೇಳುವುದು ಮೇಲು.