ಕನಕಾಂಬರದ ಮೂರು ಬಣ್ಣ

ಬೆಳಗಿನ ಎಂಟು ಗಂಟೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಬಿಸಿಲು ಇನ್ನೂ ಪೂರ್ತಿ ಇಳಿದಿಲ್ಲ. ಟಾರ್ಪಾಲಿನ ಸಂದಿಯಿಂದ ಜಾರಿದ ಒಂದು ಕೋಲು ಬಿಸಿಲು ಕನಕಾಂಬರದ ಗುಡ್ಡೆಯ ಮೇಲೆ ಬಿದ್ದಿದೆ. ಗುಡ್ಡೆಯ ಹಿಂದೆ ಹೂ ಕಟ್ಟುತ್ತ ಕೂತ ಅಜ್ಜಿಯ ಮುಖ ನೆರಳಿನಲ್ಲಿದೆ. ಒಂದು ಪಕ್ಕದಲ್ಲಿ ಗೋಪುರದಂತೆ ಒಟ್ಟಿದ ಕುಂಕುಮ, ಅರಿಸಿನ. ಇನ್ನೊಂದು ಪಕ್ಕದಲ್ಲಿ ನೀರು ಚಿಮುಕಿಸಿದ ವೀಳ್ಯದೆಲೆಯ ಕಟ್ಟು.

ಮೂರು ಹಳೆಯ ಕ್ಯಾಮೆರಾಗಳಲ್ಲಿ ಮೂರು ಬಗೆಯ ಕಲರ್ ನೆಗೆಟಿವ್ ರೋಲು ತುಂಬಿ ತಂದಿದ್ದೆ: ಕೊಡಾಕ್ ಕಂಪನಿಯ ಗೋಲ್ಡ್ 200, ಎಕ್ಟಾರ್ 100, ಪೋರ್ಟ್ರಾ 400. ಲೆನ್ಸ್ ಮಾತ್ರ ಒಂದೇ. ಅದನ್ನೇ ಕಳಚಿ ಮೂರಕ್ಕೂ ತೊಡಿಸುವುದು. ಟ್ರೈಪಾಡ್ ಅಲುಗಬಾರದು, ಬಿಸಿಲು ಸರಿಯುವ ಮೊದಲೇ ಮೂರೂ ಮುಗಿಯಬೇಕು. 'ಅಜ್ಜಿ, ನಿಮ್ಮದೊಂದು ಫೋಟೋ ತೆಗೀಲಾ?' ಎಂದು ಕೇಳಿದೆ. 'ಹೂವಿಂದು ತಕ್ಕೋ ಕಣಪ್ಪ, ನನ್ನ ಮುಖದಲ್ಲೇನೈತೆ' ಎಂದರು, ಕೈ ನಿಲ್ಲಿಸದೆ.

ಈ ಮೂರೂ ಫಿಲ್ಮಿಗೆ ತೊಳೆಯುವ ಕ್ರಮ ಒಂದೇ. 1972ರಲ್ಲಿ ಬಂದ ಸಿ-41. ಡೆವಲಪರ್ ದ್ರಾವಣ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಅದರಲ್ಲಿ ಫಿಲ್ಮು 3 ನಿಮಿಷ 15 ಸೆಕೆಂಡು ಮುಳುಗಿರಬೇಕು. ಬೆಳಕು ತಾಗಿದಲ್ಲೆಲ್ಲ ಬೆಳ್ಳಿ ಮೂಡುತ್ತದೆ, ಬೆಳ್ಳಿಯ ಜೊತೆಗೇ ಬಣ್ಣ ಹುಟ್ಟುತ್ತದೆ. ಮುಂದಿನ ದ್ರಾವಣಗಳಲ್ಲಿ ಬೆಳ್ಳಿಯೆಲ್ಲ ಕರಗಿ ಹೋಗಿ ಬಣ್ಣವೊಂದೇ ಉಳಿಯುತ್ತದೆ.

ಒಣಗಿದ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಮಾರುಕಟ್ಟೆ ಪೂರ್ತಿ ಬುಡಮೇಲು. ಮಲ್ಲಿಗೆ ಕಪ್ಪಾಗಿದೆ, ವೀಳ್ಯದೆಲೆ ಕೆನ್ನೇರಳೆ, ಅರಿಸಿನ ನೀಲಿ. ಎಲ್ಲದರ ಮೇಲೂ ಕಿತ್ತಳೆಯ ಒಂದು ತೆರೆ. ಅದು ಕೊಳೆಯಲ್ಲ, ತಿದ್ದುಪಡಿ. ಫಿಲ್ಮಿನೊಳಗಿನ ಬಣ್ಣಗಳು ಶುದ್ಧವಲ್ಲ. ಹಸಿರು ಬೆಳಕನ್ನಷ್ಟೇ ತಡೆಯಬೇಕಾದ ಬಣ್ಣ ಒಂದಿಷ್ಟು ನೀಲಿಯನ್ನೂ ತಡೆದುಬಿಡುತ್ತದೆ. ಆ ತಪ್ಪನ್ನು ಸರಿದೂಗಿಸಲು 1940ರ ದಶಕದಲ್ಲಿ ಕೊಡಾಕ್‌ನ ವೆಸ್ಲಿ ಹ್ಯಾನ್ಸನ್ ಕಂಡುಕೊಂಡ ಉಪಾಯ ಈ ಕಿತ್ತಳೆ ತೆರೆ.

ತೊಳೆದದ್ದು ಒಂದೇ ನೀರಿನಲ್ಲಾದರೂ ಮೂರು ಪಟ್ಟಿಗಳು ಒಂದೇ ಥರ ಇಲ್ಲ. ಬೆಳಕು ಹೆಚ್ಚಿದಂತೆ ಫಿಲ್ಮಿನಲ್ಲಿ ಬಣ್ಣ ಎಷ್ಟು ದಟ್ಟವಾಗುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸಬಹುದು. ಚಾಮುಂಡಿ ಬೆಟ್ಟಕ್ಕೆ ಎರಡು ದಾರಿ ಇದ್ದ ಹಾಗೆ ಆ ಗೆರೆ. ಪೋರ್ಟ್ರಾದ್ದು ಸುತ್ತಿ ಸುತ್ತಿ ಹತ್ತುವ ಡಾಂಬರು ರಸ್ತೆ; ಎಕ್ಟಾರ್‌ನದ್ದು ಮೆಟ್ಟಿಲ ದಾರಿ, ನೇರ ಏರು. ಏರು ಕಡಿದಾದಷ್ಟೂ ಕಾಂಟ್ರಾಸ್ಟ್, ಅಂದರೆ ಬೆಳಕು ನೆರಳಿನ ಅಂತರ, ಹೆಚ್ಚು. ಬಣ್ಣದ ಗುಟ್ಟೂ ಇಲ್ಲೇ ಇದೆ. ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಸ್ಪಂದಿಸುವ ಬೇರೆ ಬೇರೆ ಪದರಗಳಿವೆ. ಅವುಗಳ ನಡುವಿನ ವ್ಯತ್ಯಾಸವೇ ನಮಗೆ ಬಣ್ಣವಾಗಿ ಕಾಣುವುದು. ಏರು ಕಡಿದಾದರೆ ಆ ವ್ಯತ್ಯಾಸ ಹಿಗ್ಗುತ್ತದೆ, ಬಣ್ಣ ಗಾಢವಾಗುತ್ತದೆ. ಅದೇ ಏಟಿಗೆ ಪ್ರಿಂಟಿನಲ್ಲಿ ನೆರಳೂ ಬೇಗ ಕಪ್ಪಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಲೇಬೇಕು.

ಪ್ರಿಂಟ್ ಮಾಡುವವರ ಕೈಯೂ ಬಣ್ಣ ಬೆರೆಸುತ್ತದೆ. ಅದಕ್ಕೇ ಮೊದಲ ಫ್ರೇಮಿನಲ್ಲಿ ಬೂದು ಕಾರ್ಡೊಂದನ್ನು ಹಿಡಿದಿದ್ದೆ; ಆ ಬೂದು ಮೂರರಲ್ಲೂ ಒಂದೇ ಆಗುವಂತೆ ಹೊಂದಿಸಿ ಪ್ರಿಂಟ್ ತೆಗೆಸಿದೆ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಗೋಲ್ಡ್‌ನಲ್ಲಿ ಇಡೀ ಸಾಲಿಗೇ ತುಪ್ಪ ಸವರಿದಂತಿದೆ. ಮಲ್ಲಿಗೆಯ ಬಿಳುಪಿಗೂ ಕೆನೆಯ ಬಣ್ಣ ಬಂದಿದೆ, ಅರಿಸಿನ ಮೆರೆಯುತ್ತಿದೆ, ವೀಳ್ಯದೆಲೆ ಹಣ್ಣಾಗುವ ಕಡೆ ವಾಲಿದೆ. ಎಷ್ಟೋ ಮನೆಗಳ ಮದುವೆ ಆಲ್ಬಮ್ಮುಗಳ ಬೆಚ್ಚನೆಯ ಬಣ್ಣ ಇದು.

ಎಕ್ಟಾರ್ 2008ರಲ್ಲಿ ಬಂದದ್ದು, ಚಿತ್ರದ ಕಾಳು, ಅಂದರೆ ಗ್ರೇನ್, ಅತಿ ನುಣುಪು. ಕನಕಾಂಬರ ಉರಿಯುತ್ತಿದೆ. ಎಲೆಯ ಮೇಲಿನ ಒಂದೊಂದು ಹನಿಯೂ ಎಣಿಸುವಷ್ಟು ಸ್ಪಷ್ಟ. ಆದರೆ ಕುಂಕುಮದ ಗೋಪುರ ಪುಡಿಯ ನವಿರು ಕಳೆದುಕೊಂಡು ಒಂದೇ ಕೆಂಪು ಗಟ್ಟಿಯಾಗಿದೆ. ನೆರಳಿಗೆ ನೀಲಿ ಛಾಯೆ ಹತ್ತಿದೆ, ಅಜ್ಜಿಯ ಕಣ್ಣು ಆ ನೆರಳಿನಲ್ಲಿ ಮುಳುಗಿದೆ.

ಪೋರ್ಟ್ರಾದಲ್ಲಿ ಕೆಂಪು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದೆ. ಕುಂಕುಮದ ಮೇಲೆ ಬೆರಳು ಗೀರಿದ ಗುರುತು ಕಾಣುತ್ತದೆ. ಹೂ ಸ್ವಲ್ಪ ಮಂಕು. ಮುಖ ಮಾತ್ರ ಪೂರ್ತಿ ತೆರೆದುಕೊಂಡಿದೆ: ಕೆನ್ನೆಯ ಎಣ್ಣೆಗಂದು, ಹಣೆಯ ಸುಕ್ಕು, ಮೂಗುಬೊಟ್ಟಿನ ಒಂದು ಚುಕ್ಕೆ ಬೆಳಕು.

ಆ ಮುಖವನ್ನು ನಾನು ಬಹಳ ಹೊತ್ತು ನೋಡಿದೆ. ದಶಕಗಳ ಕಾಲ ಪ್ರಿಂಟ್ ಲ್ಯಾಬುಗಳು ಬಣ್ಣ ಸರಿಹೊಂದಿಸಲು ಇಟ್ಟುಕೊಂಡಿದ್ದ ಮಾದರಿ ಚಿತ್ರಕ್ಕೆ 'ಶರ್ಲಿ ಕಾರ್ಡ್' ಎಂದು ಹೆಸರು. ಅದರಲ್ಲಿ ಇರುತ್ತಿದ್ದದ್ದು ಬಿಳಿಯ ಹೆಣ್ಣುಮಗಳೊಬ್ಬಳ ಮುಖ. ಆಕೆಯ ಮೈಬಣ್ಣ ಸರಿಬಂದರೆ ಎಲ್ಲ ಸರಿ ಎಂದು ಲೆಕ್ಕ. ಕಪ್ಪು, ಕಂದು ಮೈಯ ಜನ ಎಷ್ಟೋ ಚಿತ್ರಗಳಲ್ಲಿ ಹಲ್ಲು, ಕಣ್ಣುಗಳಾಗಿ ಮಾತ್ರ ಉಳಿದರು. ನೆರಳನ್ನು ಕಾಪಾಡುವ ಫಿಲ್ಮು ನನಗೆ ದೊಡ್ಡದಾಗಿ ಕಾಣುವುದು ಇದಕ್ಕೇ. ನಮ್ಮ ಬಿಸಿಲಿನಲ್ಲಿ ಮನುಷ್ಯರು ಕೂರುವುದೇ ನೆರಳಿನಲ್ಲಿ.

ಮುಂದಿನ ವಾರ ಪ್ರಿಂಟುಗಳನ್ನು ಅಜ್ಜಿಯ ಮುಂದೆ ಹರಡಿದೆ. ಎಕ್ಟಾರ್ ಚಿತ್ರದ ಮೇಲೆ ಬೆರಳಿಟ್ಟು, 'ಇದು ಈಗ ತಾನೇ ಬುಟ್ಟಿಯಿಂದ ಸುರಿದ ಹೂ' ಎಂದರು. ಪೋರ್ಟ್ರಾದ್ದನ್ನು ಎತ್ತಿಕೊಂಡು, 'ಇದು ಮಧ್ಯಾಹ್ನದ ಹೂ ಕಣಪ್ಪ, ಬಾಡೋಕೆ ಶುರುವಾಗೈತೆ.' ಬಣ್ಣದಲ್ಲೇ ಗಂಟೆ ಓದುವ ಕಣ್ಣು ಅದು. ಆಮೇಲೆ ಅದೇ ಚಿತ್ರವನ್ನು ಹತ್ತಿರ ಹಿಡಿದು ಸುಮ್ಮನಾದರು. 'ನಮ್ಮವ್ವನ ಥರಾನೇ ಆಗ್ಬುಟ್ಟಿದ್ದೀನಿ.'

ಎಕ್ಟಾರ್ ಚಿತ್ರವನ್ನು ಗಿರಾಕಿಗಳಿಗೆ ಕಾಣುವಂತೆ ಹೂವಿನ ಗುಡ್ಡೆಗೆ ಒರಗಿಸಿಟ್ಟರು. ಪೋರ್ಟ್ರಾದ್ದನ್ನು ಸೆರಗಿನಲ್ಲಿ ಒರೆಸಿ ದುಡ್ಡಿನ ಚೀಲಕ್ಕೆ ಸೇರಿಸಿಕೊಂಡರು.